ಆರು ವರ್ಷಗಳಿಂದ ಸೇತುವೆಗೆ ಜೋತುಬಿದ್ದವನ ಪರವಾಗಿ ಒಂದು ಬಿನ್ನಹ

ಸಕಲ ಚಲನಚಿತ್ರಗಳ ಬಿಡುಗಡೆಗೆ ದಿನವನ್ನು ನಿಶ್ಚಯಿಸುವವರೂ, ನಿಶ್ಚಯಿಸಿದ ದಿನವನ್ನು ಅಷ್ಟೇ ನಿರ್ಲಿಪ್ತರಾಗಿ ಬಿಟ್ಟುಕೊಡುವವರೂ ಆದ ಚಿತ್ರಸಂಸ್ಥೆಯ ಪ್ರಕಟಣಾ ವಿಭಾಗದ ಮುಖ್ಯಸ್ಥರ ಸನ್ನಿಧಿಗೆ,

ಮಾನ್ಯರೇ,

ಬೆಳಗಿನ ಪ್ರಾರ್ಥನೆಯನ್ನು ಮುಗಿಸಿ, ಕನ್ನಡಕವನ್ನು ಎರಡು ಬಾರಿ ಒರೆಸಿ, ತೊಳೆದ ಲೇಖನಿಗೆ ಹೊಸ ಶಾಯಿ ತುಂಬಿಕೊಂಡು, ಎಲ್ಲಕ್ಕಿಂತ ಮೊದಲು ತಮಗೂ ತಮ್ಮ ವಿಭಾಗದ ಸಮಸ್ತ ಸಿಬ್ಬಂದಿಗೂ ದೀರ್ಘಾಯುಷ್ಯವನ್ನು ಹಾರೈಸುತ್ತೇನೆ. ಇದನ್ನು ಬರಿಯ ಬಾಯುಪಚಾರವೆಂದು ತಾವು ಭಾವಿಸಬಾರದು. ತಾವು ಈವರೆಗೆ ಪ್ರಕಟಿಸಿರುವ ಚಿತ್ರಗಳೆಲ್ಲವೂ ತೆರೆಗೆ ಬರುವುದನ್ನು ತಾವೇ ಕಣ್ಣಾರೆ ಕಾಣಬೇಕಾದರೆ ಸಾಧಾರಣವಾದ ಆಯುಸ್ಸು ಸಾಲದೆಂಬುದನ್ನು ನಾನು ಚೆನ್ನಾಗಿ ವಿಚಾರ ಮಾಡಿಯೇ ಈ ಹಾರೈಕೆಯನ್ನು ಸಲ್ಲಿಸುತ್ತಿದ್ದೇನೆ.

ನಾನು ಯಾರೆಂದು ಅರಿಕೆ ಮಾಡಿಕೊಳ್ಳುವುದು ಮರ್ಯಾದೆ. ಧರ್ಮಗ್ರಂಥಗಳನ್ನು ಅಚ್ಚುಹಾಕುವ ಮುದ್ರಣಾಲಯವೊಂದರಲ್ಲಿ ನಲವತ್ತೊಂದು ವರ್ಷಗಳ ಕಾಲ ಕರಡು ತಿದ್ದಿದವನು ನಾನು. ಅಲ್ಲೊಂದು ಕಟ್ಟುನಿಟ್ಟಿತ್ತು: ಪ್ರತಿಯೊಂದು ಹಾಳೆಯನ್ನೂ ಇಬ್ಬರು ಎದುರುಬದುರಾಗಿ ಕುಳಿತು, ಒಬ್ಬನು ಗಟ್ಟಿಯಾಗಿ ಓದಿ, ಮತ್ತೊಬ್ಬನು ಮೂಲದ ಮೇಲೆ ಬೆರಳಿಟ್ಟು ಸಾಗಿ, ಹೀಗೆ ಮೂರು ಸುತ್ತು ಮುಗಿಸಿ ಇಬ್ಬರೂ ಸಹಿ ಹಾಕದ ಹೊರತು ಯಂತ್ರ ತಿರುಗುತ್ತಿರಲಿಲ್ಲ. ಇಂಥ ಕಡೆ ಕೂದಲು ನರೆಸಿಕೊಂಡವನ ತಲೆಯಲ್ಲಿ, ಅಚ್ಚಿನಲ್ಲಿ ಬಂದದ್ದನ್ನು ಯಾರೋ ಇಬ್ಬರು ಕುಳಿತು ಮೂರು ಬಾರಿ ನೋಡಿಯೇ ಇರುತ್ತಾರೆಂಬ ನಂಬಿಕೆ ಕಿತ್ತರೂ ಕೀಳದಂತೆ ಬೇರೂರಿಬಿಡುತ್ತದೆ. ಈ ಪತ್ರವನ್ನು ಬರೆಯುವಂತೆ ಮಾಡಿದ ಅನರ್ಥದಲ್ಲಿ ಅರ್ಧಪಾಲು ಈ ನಂಬಿಕೆಯದೇ ಆದ್ದರಿಂದ ಅದನ್ನು ಮೊದಲೇ ಒಪ್ಪಿಕೊಂಡುಬಿಟ್ಟಿದ್ದೇನೆ. ಉಳಿದರ್ಧವನ್ನು ತಮ್ಮ ಪಾದಗಳಲ್ಲಿ ಇರಿಸಲು ಅಪ್ಪಣೆಯಾಗಬೇಕು.

ಕಳೆದ ತಿಂಗಳಿನವರೆಗೆ ನಾನು ಒಂದು ಚಲನಚಿತ್ರವನ್ನೂ ನೋಡಿದವನಲ್ಲ. ನನ್ನ ಪಾಲಿನದನ್ನೂ ಸೇರಿಸಿ ನೋಡಿದವಳು ನನ್ನ ಅಕ್ಕ. ಈಗ ಎಂಬತ್ತೊಂದು ವರ್ಷದವಳಾದ ಆಕೆ ಮೂವತ್ತಮೂರು ವರ್ಷ ಒಂದೇ ಚಿತ್ರಮಂದಿರದಲ್ಲಿ ಟಾರ್ಚು ಹಿಡಿದು, ಕತ್ತಲಲ್ಲಿ ತಡವಾಗಿ ಬಂದವರನ್ನು ಅವರವರ ಕುರ್ಚಿಗೆ ಮುಟ್ಟಿಸುವ ಕೆಲಸದಲ್ಲಿದ್ದಳು. ಜನರು ತಡವಾಗಿ ಬರುವುದು ಮೊದಲ ಕಾಲು ಗಂಟೆಯಲ್ಲಾದ್ದರಿಂದ ಯಾವ ಚಿತ್ರದ ಆರಂಭವೂ ಆಕೆಗೆ ದಕ್ಕಲಿಲ್ಲ. ಆಟ ಮುಗಿಯುವ ಹತ್ತು ನಿಮಿಷ ಮುಂಚೆ ಹೊರಬಾಗಿಲುಗಳ ಅಗಳಿ ತೆಗೆದು ನಿಲ್ಲಬೇಕಾಗಿದ್ದುದರಿಂದ ಕೊನೆಯೂ ದಕ್ಕಲಿಲ್ಲ. ಆದಿಯೂ ಅಂತ್ಯವೂ ಇಲ್ಲದ್ದು ಪರವಸ್ತುವೊಂದೇ ಎಂದು ನಾನು ತಿದ್ದುತ್ತಿದ್ದ ಗ್ರಂಥಗಳು ಸಾರುತ್ತಿದ್ದವು. ನನ್ನ ಅಕ್ಕನ ಪಾಲಿಗೆ ಸಾವಿರಾರು ಸಿನಿಮಾಗಳು ಆ ಸ್ಥಿತಿಯಲ್ಲಿಯೇ ಇದ್ದವು.

ಆದ್ದರಿಂದ ನಿವೃತ್ತಳಾದ ದಿನವೇ ಆಕೆ ಒಂದು ವ್ರತ ತೊಟ್ಟಳು: ಇನ್ನು ನೋಡುವ ಚಿತ್ರವನ್ನೆಲ್ಲ ಮೊದಲ ಅಕ್ಷರದಿಂದ ಕೊನೆಯ ಹೆಸರಿನವರೆಗೆ, ಪರದೆ ಬಿಳುಪಾಗುವ ತನಕ, ಕುರ್ಚಿಯಿಂದ ಏಳದೆ ನೋಡತಕ್ಕದ್ದು. ಬರಲಿರುವ ಚಿತ್ರಗಳ ಪೈಕಿ ನೋಡಲೇಬೇಕಾದವುಗಳ ಹೆಸರನ್ನು ಬಟ್ಟೆಯ ಕಪಾಟಿನ ಬಾಗಿಲ ಒಳಮೈಯಲ್ಲಿ ಸೀಮೆಸುಣ್ಣದಿಂದ ಬರೆದುಕೊಂಡಿದ್ದಾಳೆ. ನಾನು ಮುಂಜಾನೆ ಕಣ್ಣು ಮುಚ್ಚಿ ದೇವರ ನಾಮಾವಳಿಯನ್ನು ಹೇಳುತ್ತಿರುವಾಗಲೇ ಆಕೆ ಕಪಾಟು ತೆರೆದು ತನ್ನ ನಾಮಾವಳಿಯನ್ನು ಗಟ್ಟಿಯಾಗಿ ಓದುವುದರಿಂದ, ಭಗವಂತನಿಗೆ ಈ ಮನೆಯಿಂದ ನಿತ್ಯವೂ ಎರಡು ಪಟ್ಟಿಗಳು ಬೆರಕೆಯಾಗಿ ತಲುಪುತ್ತಿವೆ.

ಆ ಪಟ್ಟಿಯಲ್ಲಿ ಐದು ಹೆಸರುಗಳಿವೆ. ಹಡಗಿನ ಅಡಿಗೆಯವನೊಬ್ಬ ಕೊಲೆಗಾರನನ್ನು ಹುಡುಕುವ ಚಿತ್ರವೊಂದುಂಟು. ಅದರ ಬಗ್ಗೆ ತಮ್ಮ ಸಂಸ್ಥೆ ಈವರೆಗೆ ಪ್ರಕಟಿಸಿರುವುದು ಒಂದು ಸೌಟಿನ ಚಿತ್ರವನ್ನು ಮಾತ್ರ, ಅದೂ ಎರಡು ವರ್ಷಗಳ ಹಿಂದೆ. ಮೂವತ್ತು ವರ್ಷ ಮಾತು ಬಿಟ್ಟಿದ್ದ ಇಬ್ಬರು ಹಿರಿಯ ನಟರು ಒಂದಾಗಿ ಅಭಿನಯಿಸಿದ ಚಿತ್ರವೊಂದುಂಟು; ಅದು ಬರುವುದರೊಳಗೆ ಅವರು ಮತ್ತೆ ಮಾತು ಬಿಟ್ಟಿದ್ದಾರೆಂದು ಕೇಳುತ್ತೇನೆ. ಹೆಸರನ್ನೇ ಇಡದ, ಆದರೆ ಹೆಸರನ್ನು ಎಂದು ತಿಳಿಸಲಾಗುವುದೆಂದು ತಿಳಿಸುವ ದಿನವನ್ನು ತಿಳಿಸಿರುವ ಚಿತ್ರವೂ ಒಂದುಂಟು. ಅದಕ್ಕೆ ಅಕ್ಕ ಬರಿಯ ಗೆರೆಯೊಂದನ್ನು ಎಳೆದಿದ್ದಾಳೆ. ನಾಲ್ಕನೆಯದನ್ನು ಒರೆಸಿದ್ದಾಳೆ, ಕೇಳಿದರೆ, "ಅದು ಬಂದ್ರೂ ಬರದಿದ್ರೂ ಒಂದೇ ಬಿಡು" ಎನ್ನುತ್ತಾಳೆ. ಇವೆಲ್ಲಕ್ಕೂ ಮೇಲೆ, ಅಂಗೈಯಗಲದ ಅಕ್ಷರಗಳಲ್ಲಿ, 'ಸೇತುವೆ ಕಾವಲುಗಾರ, ಮೂರನೆಯ ಭಾಗ' ಎಂದಿದೆ.

ಮಾನ್ಯರೇ, ಎರಡನೆಯ ಭಾಗವನ್ನು ತಾವು ಎಲ್ಲಿ ನಿಲ್ಲಿಸಿದಿರೆಂಬುದು ತಮಗೆ ನೆನಪಿರಬಹುದು. ನೆನಪಿರದಿದ್ದಲ್ಲಿ ಬಿನ್ನವಿಸುತ್ತೇನೆ: ಆ ಪುಣ್ಯಾತ್ಮ ಕಾವಲುಗಾರನು ಮುರಿದ ಸೇತುವೆಯ ಕಂಬಿಯನ್ನು ಒಂದೇ ಕೈಯಲ್ಲಿ ಹಿಡಿದು, ಕೆಳಗೆ ಹೊಳೆ ಮೊರೆಯುತ್ತಿರಲಾಗಿ, ಜೋತುಬಿದ್ದಿದ್ದಾನೆ. ಅದಾಗಿ ಆರು ವರ್ಷಗಳಾದವು. ಒಂಟಿಕಾಲಿನಲ್ಲಿ ನಿಂತು ತಪಸ್ಸು ಮಾಡಿದವರ ಕಥೆಗಳನ್ನು ನಾನು ಪುರಾಣಗಳಲ್ಲಿ ಬೇಕಾದಷ್ಟು ತಿದ್ದಿದ್ದೇನೆ. ಅವರಿಗೆಲ್ಲ ಕಟ್ಟಕಡೆಗೆ ದೇವರು ಪ್ರತ್ಯಕ್ಷನಾಗಿ ಏನು ಬೇಕೆಂದು ಕೇಳಿದ್ದುಂಟು. ಒಂಟಿಕೈಯಲ್ಲಿ ತಪಸ್ಸು ಮಾಡುತ್ತಿರುವ ಇವನಿಗೆ ಪ್ರತ್ಯಕ್ಷರಾಗಬೇಕಾದವರು ತಾವು.

ನಮ್ಮ ಮನೆಯ ಕೆಳಗೆ ಕ್ಷೌರದಂಗಡಿ ಇಟ್ಟಿರುವಾತನೂ ಈ ಚಿತ್ರದ ಭಕ್ತನೇ. ಅಕ್ಕ ಮೆಟ್ಟಿಲಿಳಿಯುವಾಗೆಲ್ಲ ಆತ ಬಾಚಣಿಗೆ ಎತ್ತಿ, "ಅಜ್ಜೀ, ಬಿದ್ದೇ ಬೀಳ್ತಾನೆ, ಬರೆದಿಟ್ಕೊಳ್ಳಿ" ಎನ್ನುತ್ತಾನೆ. ಆಕೆಯೂ ಬಿಡದೆ, "ಬೀಳಲಿಲ್ಲ ಅಂದ್ರೆ ನಿನ್ನ ಮೀಸೆ ನಂದು, ನಾನೇ ಬೋಳಿಸೋದು" ಎನ್ನುತ್ತಾಳೆ. ಈ ಪಣವು ಆರು ವರ್ಷಗಳಿಂದ ತೀರ್ಮಾನವಾಗದೆ, ಆತನ ಮೀಸೆಯು ನ್ಯಾಯಾಲಯದಲ್ಲಿ ತಡೆಯಾಜ್ಞೆ ತಂದ ಆಸ್ತಿಯಂತೆ ಕತ್ತರಿ ಕಾಣದೆ ಬೆಳೆದು, ಮೂಗಿನ ಕೆಳಗಿನ ಪ್ರದೇಶವನ್ನೆಲ್ಲ ಆಕ್ರಮಿಸಿದೆ.

ಇಷ್ಟೇ ಆಗಿದ್ದರೆ ನಾನು ತಮ್ಮ ಅಮೂಲ್ಯ ಸಮಯವನ್ನು ಅಪಹರಿಸುತ್ತಿರಲಿಲ್ಲ. ಆದರೆ ನನ್ನ ಅಕ್ಕನ ಬಲಗಣ್ಣು ಬಹಳ ಹಿಂದೆಯೇ ಹೋಗಿದೆ. ಉಳಿದ ಎಡಗಣ್ಣಿನೊಳಗೆ ಒತ್ತಡ ಏರುತ್ತಿದ್ದು, ತೆರೆದ ಕಿಟಕಿಯ ಎರಡು ರೆಕ್ಕೆಗಳೂ ಮೆಲ್ಲಮೆಲ್ಲನೆ ಮುಚ್ಚಿಕೊಂಡು ಬರುವಂತೆ, ನೋಟವು ಅಂಚುಗಳಿಂದ ಕಿರಿದಾಗುತ್ತಿದೆ. ಹಾಕುವ ಹನಿಗಳೆಲ್ಲ ಸೋತವು. ಶಸ್ತ್ರಚಿಕಿತ್ಸೆ ಮಾಡಿದರೆ ಉಳಿದಷ್ಟು ನೋಟ ಉಳಿಯಬಹುದು, ಈ ವಯಸ್ಸಿನಲ್ಲಿ ಅದೂ ಹೋಗಿಬಿಡಬಹುದು. ಮಾಡದಿದ್ದರೆ ಹೋಗುವುದಂತೂ ನಿಶ್ಚಯ ಎಂದು ಕಣ್ಣಿನ ವೈದ್ಯೆ ವರ್ಷದ ಹಿಂದೆಯೇ ತಿಳಿಸಿದರು. ಮಾಡಿಸಿಕೊಂಡ ಮೇಲೆ ಆರು ವಾರ ಚಿತ್ರಮಂದಿರದ ಕಡೆ ತಲೆಹಾಕಬಾರದೆಂದೂ ಹೇಳಿ, ಒಂದು ಮಂಗಳವಾರವನ್ನು ಗೊತ್ತುಮಾಡಿದರು.

ಅದೇ ವಾರದ ಶುಕ್ರವಾರಕ್ಕೆ ತಾವು ಮೂರನೆಯ ಭಾಗದ ಬಿಡುಗಡೆಯನ್ನು ಪ್ರಕಟಿಸಿದಿರಿ. ಪತ್ರಿಕೆಯಲ್ಲಿ ಅರ್ಧ ಪುಟ. ಅಕ್ಕ ಮೊದಲಿಗೆ, "ಇವರ ಮಾತು ಕಟ್ಕೊಂಡು ಏನ್ ಮಾಡ್ತೀಯೋ, ಆಪರೇಷನ್ ಮುಗಿಸೇಬಿಡೋಣ" ಎಂದಿದ್ದಳು. ಆ ಪುಟದ ಮೇಲೆ ಬೆರಳಿಟ್ಟು, "ಅಚ್ಚಿನಲ್ಲಿ ಬಂದಿದೆ ಅಕ್ಕಾ" ಎಂದವನು ನಾನು. ಒಂದು ವೇಳೆ ಕಣ್ಣು ಹೋಗುವುದೇ ಆದರೆ ಕೊನೆಯನ್ನು ನೋಡಿಕೊಂಡೇ ಹೋಗಲೆಂಬ ಆಸೆ ಆಕೆಗೆ ಇಲ್ಲದಿರಲಿಲ್ಲ. ಆದರೆ ಆ ಆಸೆಗೆ ಪ್ರಮಾಣಪತ್ರ ಬರೆದುಕೊಟ್ಟವನು ನಾನೇ. ಆಸ್ಪತ್ರೆಗೆ ಫೋನು ಮಾಡಿ ಚಿಕಿತ್ಸೆಯನ್ನು ಮುಂದಕ್ಕೆ ಹಾಕಿಸಿದವನೂ ನಾನೇ. ತಾವು ಬಿಡುಗಡೆಗೆ ನಾಲ್ಕು ದಿನ ಇರುವಾಗ, 'ಪ್ರೇಕ್ಷಕ ಪ್ರಭುಗಳಿಗೆ ಶ್ರೇಷ್ಠವಾದುದನ್ನೇ ಅರ್ಪಿಸುವ ಸಂಕಲ್ಪದಿಂದ' ಎಂಬ ಸುಂದರವಾದ ವಾಕ್ಯದೊಂದಿಗೆ ಚಿತ್ರವನ್ನು ಮುಂದೂಡಿದಿರಿ.

ಎರಡನೆಯ ಬಾರಿಯೂ ಹೀಗೆಯೇ ನಡೆಯಿತು. ವಾಕ್ಯವೂ ಅದೇ ಆಗಿತ್ತು. ಒಂದು ಅಕ್ಷರವೂ ಪಲ್ಲಟವಾಗದ್ದನ್ನು ಕಂಡು, ಕರಡು ತಿದ್ದುವವನಾಗಿ ನಾನು ತಮ್ಮ ವಿಭಾಗದ ಬಗ್ಗೆ ಗೌರವವನ್ನೇ ತಾಳಿದೆ. ಮೂರನೆಯ ಬಾರಿ ಆ ವಾಕ್ಯದ ಮೇಲೆ ಕಾವಲುಗಾರನು ಎರಡೂ ಕೈ ಜೋಡಿಸಿ ಕ್ಷಮೆ ಬೇಡುತ್ತಿರುವ ಭಾವಚಿತ್ರವನ್ನು ಹಾಕಿಸಿದಿರಿ. ಅದನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು ನೋಡಿದ ಅಕ್ಕ ಕುರ್ಚಿಯಿಂದ ಎದ್ದುಬಿಟ್ಟು, "ಅಯ್ಯೋ, ಎರಡೂ ಕೈ ಬಿಟ್ಟನಲ್ಲೋ! ಬಿದ್ದನಾ?" ಎಂದು ಕೂಗಿದ್ದನ್ನು ತಮ್ಮ ಚಿತ್ರಕಾರರ ಗಮನಕ್ಕೆ ತರತಕ್ಕದ್ದು.

ಮೂರು ಬಾರಿಯೂ ನಾನು ಆಸ್ಪತ್ರೆಗೆ ಫೋನು ಮಾಡಿದೆ. ಸರದಿ ಬರೆದುಕೊಳ್ಳುವ ಹೆಣ್ಣುಮಗಳು ನನ್ನ ದನಿಯನ್ನು ಗುರುತುಹಿಡಿಯುವಷ್ಟಾಗಿ, "ತಾತಾ, ಮತ್ತೆ ಸಿನಿಮಾನಾ?" ಎಂದು ಕೇಳತೊಡಗಿದಳು. ವೈದ್ಯೆಯಂತೂ ಅಕ್ಕನನ್ನು ಎದುರಿಗೆ ಕೂರಿಸಿಕೊಂಡು, "ಅಮ್ಮಾ, ನಿಮಗೆ ಕಣ್ಣು ಮುಖ್ಯನೋ ಸಿನಿಮಾ ಮುಖ್ಯನೋ?" ಎಂದು ಗದರಿಸಿದರು. ಅದಕ್ಕೆ ನನ್ನ ಅಕ್ಕ, "ಡಾಕ್ಟ್ರಮ್ಮಾ, ಕಣ್ಣು ಇರೋದು ಯಾತಕ್ಕೆ ಅಂದ್ಕೊಂಡಿದೀರ? ನಿಮ್ಮ ಗೋಡೆ ಮೇಲಿರೋ ಆ ಅಕ್ಷರದ ಹಲಗೆ ನೋಡೋಕಾ?" ಎಂದಳು. ವೈದ್ಯೆ ನಕ್ಕರು. ಆಮೇಲೆ ಕಣ್ಣನ್ನು ಅಳೆಯುವ ಯಂತ್ರದ ಮುಂದೆ ಕೂರಿಸಿ, ಅದರಿಂದ ಬಂದ ಕಾಗದವನ್ನು ನೋಡಿದವರು ನಗಲಿಲ್ಲ. ಈ ಒಂದು ವರ್ಷದಲ್ಲಿ ಕಿಟಕಿಯ ರೆಕ್ಕೆಗಳು ಎಷ್ಟು ಮುಚ್ಚಿವೆಯೆಂಬುದನ್ನು ಅವರು ಪೆನ್ಸಿಲಿನಿಂದ ಗೆರೆ ಎಳೆದು ನನಗೆ ತೋರಿಸಿದರು. ಹೋದದ್ದು ಮರಳಿ ಬರುವುದಿಲ್ಲವಂತೆ. ನಾನು ಜೀವಮಾನದಲ್ಲಿ ನೋಡಿದ ಕಾಗದಗಳ ಪೈಕಿ, ತಿದ್ದಲು ಒಂದು ತಪ್ಪಿಗಾಗಿ ಹುಡುಕಿ ಹುಡುಕಿ ನಾನು ಸೋತದ್ದು ಅದೊಂದರ ಮೇಲೆಯೇ.

ಆಸ್ಪತ್ರೆಯ ಮೆಟ್ಟಿಲಿಳಿಯುತ್ತ, ನನ್ನ ತೋಳನ್ನು ಹಿಡಿದಿದ್ದ ಅಕ್ಕ, "ಮುಖ ಯಾಕೋ ಹಾಗೆ ಮಾಡ್ಕೊಂಡಿದೀಯ, ಅಲ್ಪವಿರಾಮ? ಪರದೆ ಅಂಚು ತಾನೇ ಹೋಗಿದ್ದು. ನಾಯಕ ಯಾವತ್ತೂ ನಡುವೇನೇ ನಿಲ್ತಾನೆ" ಎಂದಳು. ಅಲ್ಪವಿರಾಮ ಎಂಬುದು ನಾನು ಮುದ್ರಣಾಲಯ ಸೇರಿದ ವರ್ಷ ಆಕೆ ನನಗಿಟ್ಟ ಹೆಸರು. ಮುಂದಿನ ಬುಧವಾರಕ್ಕೆ ಚಿಕಿತ್ಸೆ ಗೊತ್ತಾಯಿತು. "ಈ ಸಲ ಯಾರಿಗೂ ಫೋನು ಮಾಡಕೂಡದು" ಎಂದು ಆಕೆ ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ.

ಆದರೆ 'ಒಂದು ವೇಳೆ'ಗೂ ಸಿದ್ಧತೆ ಬೇಕಲ್ಲವೇ? ತನಗೆ ಕಾಣದೆ ಹೋದರೆ ಪಕ್ಕದಲ್ಲಿ ಕುಳಿತು ಕಂಡದ್ದನ್ನು ಹೇಳಲು ಒಬ್ಬರು ಬೇಕೆಂದು ಆಕೆ ನನ್ನನ್ನು ತರಬೇತಿಗೆ ಹಚ್ಚಿದಳು. ಹೀಗಾಗಿ, ಎಪ್ಪತ್ತಾರು ವರ್ಷ ಪರದೆಯ ಕಡೆ ಕಣ್ಣೆತ್ತಿ ನೋಡದವನು ಕ್ಷೌರದಂಗಡಿಯಾತನ ಫೋನಿನ ಪುಟ್ಟ ಪರದೆಯಲ್ಲಿ ತಮ್ಮ ಮೊದಲ ಎರಡು ಭಾಗಗಳನ್ನು ನೋಡಿದೆ. ಅಕ್ಕ ಎದುರಿಗೆ ಕಣ್ಣು ಮುಚ್ಚಿ ಕುಳಿತಳು. ಮುದ್ರಣಾಲಯದಲ್ಲಿ ಇಬ್ಬರು ಕೂರುತ್ತಿದ್ದಂತೆಯೇ ಕುಳಿತೆವು: ನಾನು ಓದುವವನು, ಆಕೆ ಮೂಲವನ್ನು ಬಲ್ಲವಳು. ನಾನು, "ಕರ್ತವ್ಯಕ್ಕೂ ಮಮತೆಗೂ ನಡುವೆ ತೊಳಲುತ್ತಿರುವ ಕಾವಲುಗಾರನು" ಎಂದು ಶುರುಮಾಡುವುದೇ ತಡ, ಆಕೆ ನನ್ನ ಮೊಣಕಾಲಿಗೆ ಹೊಡೆದು, "ತೊಳಲೋದೆಲ್ಲ ನಾನು ಮಾಡ್ಕೋತೀನಿ, ನಿಂಗೆ ಏನು ಕಾಣುತ್ತೆ ಹೇಳು. ಕಂಬಿ ಮೇಲೆ ಎಷ್ಟು ಬೆರಳಿವೆ?" ಎಂದಳು. ನಾನು ಎಣಿಸಿದೆ. ಮೂರು ಬೆರಳುಗಳಿದ್ದವು, ಮಾನ್ಯರೇ. ನಾಲ್ಕನೆಯದು ಆಗತಾನೆ ಜಾರುತ್ತಿತ್ತು. ಅವನು ಬೀಳದಿರಲೆಂದು ನಾನು ಫೋನನ್ನು ಎರಡೂ ಕೈಗಳಲ್ಲಿ ಬಿಗಿಹಿಡಿದೆನೆಂಬುದನ್ನು ಈ ವಯಸ್ಸಿನಲ್ಲಿ ಬಹಿರಂಗವಾಗಿ ಒಪ್ಪಿಕೊಳ್ಳುತ್ತಿದ್ದೇನೆ. ಅಂದಿನಿಂದ ನನ್ನ ಬೆಳಗಿನ ಪ್ರಾರ್ಥನೆಯ ಕೊನೆಯಲ್ಲಿ ಆ ಮೂರು ಬೆರಳುಗಳಿಗಾಗಿಯೂ ಒಂದು ಮಾತು ಸೇರಿಕೊಂಡಿದೆ.

ಪ್ರಸಂಗವಶಾತ್ ಇನ್ನೊಂದು ವಿಷಯ. ಕಾವಲುಗಾರನು ಕಂಬಿಗೆ ಜೋತುಬೀಳುವುದು ಬಲಗೈಯಿಂದ. ನಡುವೆ ಒಮ್ಮೆ ಹೊಳೆಯನ್ನು ತೋರಿಸಿ ಮತ್ತೆ ಅವನನ್ನು ತೋರಿಸುವಾಗ ಅದು ಎಡಗೈ ಆಗಿದೆ. ತಮ್ಮ ಸಂಸ್ಥೆಯ ನೂರಾರು ಮಂದಿಯ ಕಣ್ಣು ತಪ್ಪಿಸಿದ ಈ ದೋಷವನ್ನು ಅಕ್ಕನಿಗೆ ತಿಳಿಸಿದಾಗ ಆಕೆ ಬಹಳ ಹೊತ್ತು ನಕ್ಕು, "ಪಾಪ, ಆರು ವರ್ಷದಲ್ಲಿ ಒಂದು ಸಲ ಕೈ ಬದಲಾಯಿಸೋದೂ ಬೇಡವೇನೋ" ಎಂದಳು. ಆದರೂ ನಿಯಮ ನಿಯಮವೇ. ಮೂರನೆಯ ಭಾಗದ ಆರಂಭದಲ್ಲಿ, ಎಲ್ಲರಿಗೂ ಕಾಣುವ ಅಕ್ಷರಗಳಲ್ಲಿ, 'ಒಪ್ಪೋಲೆ: ಹಿಂದಿನ ಭಾಗದ ಕೊನೆಯಲ್ಲಿ ಎಡಗೈ ಎಂದು ಕಂಡಲ್ಲಿ ಬಲಗೈ ಎಂದು ನೋಡಿಕೊಳ್ಳತಕ್ಕದ್ದು' ಎಂಬ ತಿದ್ದುಪಡಿಯನ್ನು ಸೇರಿಸಬೇಕೆಂದು ಕೋರುತ್ತೇನೆ.

ಕೋರಿಕೆಗಳ ಬಾಗಿಲು ತೆರೆದದ್ದರಿಂದ ಉಳಿದವನ್ನೂ ನಿವೇದಿಸಿಬಿಡುತ್ತೇನೆ. ಕಾವಲುಗಾರನು ಮೂರನೆಯ ಭಾಗದುದ್ದಕ್ಕೂ ಪರದೆಯ ನಟ್ಟನಡುವೆಯೇ ಇರುವಂತೆ ನಿರ್ದೇಶಕರಿಗೆ ತಾಕೀತು ಮಾಡಬೇಕು. ಖಳನು ಯಾವತ್ತೂ ಅಂಚಿನಿಂದ ನುಗ್ಗುವ ದುರಭ್ಯಾಸವುಳ್ಳವನಾದ್ದರಿಂದ, ಅವನನ್ನೂ ಶಿಷ್ಟಾಚಾರದಂತೆ ನಡುವಿನಿಂದಲೇ ಪ್ರವೇಶಿಸಲು ಒಪ್ಪಿಸಬೇಕು. ಸೇತುವೆ ಅಗಲವಾಗಿದ್ದಲ್ಲಿ ಅದನ್ನು ಕಿರಿದುಗೊಳಿಸಬೇಕು. ಇನ್ನು ಮುಂದೆ ಬಿಡುಗಡೆಯ ದಿನವನ್ನು ಅಚ್ಚಿಗೆ ಕೊಡುವ ಮುನ್ನ ತಮ್ಮಲ್ಲಿ ಇಬ್ಬರು ಎದುರುಬದುರು ಕುಳಿತು, ಒಬ್ಬರು ಗಟ್ಟಿಯಾಗಿ ಓದಿ, ಮತ್ತೊಬ್ಬರು ನಗದೆ ಕೇಳಿ, ಸಹಿ ಹಾಕಬೇಕು. ಓದುವವರು ಸಿಗದಿದ್ದಲ್ಲಿ ಸಂಬಳವಿಲ್ಲದೆ ಬಂದು ಓದಲು ನಾನು ಸಿದ್ಧನಿದ್ದೇನೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮೊನ್ನೆ ತಾವು ನಾಲ್ಕನೆಯ ದಿನಾಂಕವನ್ನು ಪ್ರಕಟಿಸಿ, ಅದರ ಕೆಳಗೆ 'ಇನ್ನು ಬದಲಾವಣೆಯಿಲ್ಲ' ಎಂದು ಕೆಂಪು ಶಾಯಿಯಲ್ಲಿ ಅಚ್ಚು ಮಾಡಿಸಿದ್ದೀರಿ. ಅದು ಚಿಕಿತ್ಸೆಯ ಬುಧವಾರ ಕಳೆದ ಮರುಶುಕ್ರವಾರ, ಅಂದರೆ ಅಕ್ಕನ ಕಣ್ಣಿಗೆ ಕಟ್ಟಿದ ಪಟ್ಟಿ ಹಸಿಯಾಗಿರುವ ಎರಡನೆಯ ದಿನ. ಇಡೀ ಲೋಕವೇ ಆಕೆಗಿಂತ ಮೊದಲು ಕೊನೆಯನ್ನು ನೋಡಿ, ಬೀದಿಯಲ್ಲಿ, ಬಸ್ಸಿನಲ್ಲಿ, ಕೆಳಗಿನ ಕ್ಷೌರದಂಗಡಿಯಲ್ಲಿ ಗಟ್ಟಿಯಾಗಿ ಮಾತಾಡುವುದು. ಆಕೆ ಮಾತ್ರ, ಆ ಮೂವತ್ತಮೂರು ವರ್ಷ ಅಗಳಿ ತೆಗೆದು ನಿಂತಂತೆಯೇ, ಬಾಗಿಲ ಬಳಿ ಪರದೆಗೆ ಬೆನ್ನು ಮಾಡಿ ನಿಲ್ಲುವುದು. ಇದು ನನಗೆ ಸಹಿಸಲಾರದಾಗಿದೆ.

ಆದ್ದರಿಂದ, ಇಷ್ಟು ಪುಟ ತಮ್ಮ ಮುಂದೂಡಿಕೆಗಳನ್ನು ದೂರಿದ ನಾನು ಈಗ ಕೈಮುಗಿದು ಬೇಡುವುದೇನೆಂದರೆ: ಇನ್ನೊಂದೇ ಒಂದು ಬಾರಿ ಮುಂದೂಡಿರಿ. ಆರು ವಾರ ಸಾಕು. ಕಾರಣವನ್ನು ಹೊಸದಾಗಿ ಹುಡುಕುವ ಕಷ್ಟ ಬೇಡ. ಹಳೆಯ ವಾಕ್ಯವೇ ಇದೆ, ಅದರಲ್ಲಿ ತಿದ್ದಬೇಕಾದ್ದು ಏನೂ ಇಲ್ಲ. ಯಾರಿಗೂ ಉಪಯೋಗವಾಗದಂತೆ ಮೂರು ಬಾರಿ ಮೆರೆಸಿದ ಆ ಸದ್ಗುಣವನ್ನು, ಒಬ್ಬಾಕೆಗೆ ಉಪಯೋಗವಾಗುವಂತೆ ನಾಲ್ಕನೆಯ ಬಾರಿ ಮೆರೆಸಿದರೆ ತಮ್ಮ ಕೀರ್ತಿಗೆ ಕುಂದಾಗಲಾರದು. ಆರು ವಾರದ ಮೇಲೆ ಆಕೆಗೆ ಕಂಡರೆ ಆಕೆ ನೋಡುತ್ತಾಳೆ, ಕಾಣದಿದ್ದರೆ ನಾನು ನೋಡಿ ಹೇಳುತ್ತೇನೆ. ಬೆರಳುಗಳನ್ನು ಎಣಿಸುವುದನ್ನು ಕಲಿತಿದ್ದೇನೆ. ಎರಡರಲ್ಲಿ ಯಾವುದಾದರೂ, ಮೊದಲ ಅಕ್ಷರದಿಂದ ಕೊನೆಯ ಹೆಸರಿನವರೆಗೆ ಕುರ್ಚಿಯಿಂದ ಏಳುವವರು ನಾವಲ್ಲ.

ಈ ಪತ್ರದ ಒಂದು ಪ್ರತಿಯನ್ನು ಪತ್ರಿಕೆಗೂ ಇನ್ನೊಂದನ್ನು ಕ್ಷೌರದಂಗಡಿಯ ಕನ್ನಡಿಯ ಪಕ್ಕಕ್ಕೂ ಕಳುಹಿಸಿದ್ದೇನೆ. ತಮ್ಮ ಉತ್ತರಕ್ಕೆ ದಿನಾಂಕವನ್ನೇನೂ ಗೊತ್ತುಮಾಡದಿರಲು ಪ್ರಾರ್ಥನೆ. ಗೊತ್ತುಮಾಡಿದರೆ ನಾನು ನಂಬಿಬಿಡುತ್ತೇನೆ.

ತಮ್ಮ ಪ್ರಕಟಣೆಗಳನ್ನು ಒಂದೂ ಬಿಡದೆ ಓದಿ ಕೆಟ್ಟ,
ತಮ್ಮ ವಿಶ್ವಾಸಿ,
ನಿವೃತ್ತ ಕರಡು ತಿದ್ದುವವ

ಮರೆತ ಮಾತು: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಕ್ಷೌರದಂಗಡಿಯಾತ, ಅರ್ಧ ಮುಖಕ್ಕೆ ಸೋಪು ಹಚ್ಚಿಸಿಕೊಂಡ ಗಿರಾಕಿಯನ್ನು ಕೆಳಗೇ ಬಿಟ್ಟು ಮೆಟ್ಟಿಲು ಹತ್ತಿ ಬಂದು, "ಅಜ್ಜೀ, ಮತ್ತೆ ಮುಂದಕ್ಕೆ ಹೋಯ್ತು, ಎರಡು ವಾರ!" ಎಂದು ಫೋನನ್ನು ನಮ್ಮ ಮುಂದೆ ಹಿಡಿದ. ಅದೇ ವಾಕ್ಯ, ಅದೇ ಸಂಕಲ್ಪ. ಬುದ್ಧಿ ಬಂದಾಗಿನಿಂದ ನಿತ್ಯವೂ ಪ್ರಾರ್ಥಿಸಿದವನು ನಾನು. ಬಿನ್ನಹ ಕೈಸೇರುವ ಮುನ್ನವೇ ಕರುಣಿಸಿದ ಶಕ್ತಿಯೆಂದರೆ ತಮ್ಮ ವಿಭಾಗವೊಂದೇ. ಆದರೆ ಬೇಡಿದ್ದು ಆರು ವಾರ, ತಾವು ದಯಪಾಲಿಸಿದ್ದು ಎರಡು. ಉಳಿದ ನಾಲ್ಕನ್ನು ತಮ್ಮ ಎಂದಿನ ರೂಢಿಯ ಮೇಲೆಯೇ ಭರವಸೆಯಿಟ್ಟು ಕಾಯುತ್ತೇನೆ; ಜೀವನದಲ್ಲಿ ಮೊದಲ ಬಾರಿಗೆ, ಅಚ್ಚಿನಲ್ಲಿ ಬಂದದ್ದು ಸುಳ್ಳಾಗಲೆಂದು ಹಾರೈಸುತ್ತಿದ್ದೇನೆ. ಅಕ್ಕ ಕಪಾಟಿನ ಮುಂದೆ ನಿಂತು, ಸೀಮೆಸುಣ್ಣದಿಂದ ಮೊದಲನೆಯ ಹೆಸರನ್ನು ಇನ್ನಷ್ಟು ದಪ್ಪವಾಗಿ ತೀಡುತ್ತ, ತನ್ನದೊಂದು ಮಾತನ್ನೂ ಸೇರಿಸಲು ಹೇಳಿದಳು. ಅದು ತಮಗಲ್ಲ, ತಮ್ಮ ಕಾವಲುಗಾರನಿಗೆ, ದಯವಿಟ್ಟು ತಲುಪಿಸತಕ್ಕದ್ದು: "ಇನ್ನೊಂದು ಸ್ವಲ್ಪ ಹಿಡ್ಕೊಂಡಿರಪ್ಪಾ. ನಾನೂ ಹಿಡ್ಕೊಂಡಿದೀನಿ."